ಬೆನ್ನೆಲುಬಿನ ಲೋಹಾಧಾರಗಳೂ ಅವುಗಳ ಸವೆತವೂ

ಸುರಪುರ ಸಂಸ್ಥಾನದ ಆಡಳಿತವನ್ನು 1853ರವರೆಗೆ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು ರಾಜನಕೋಳೂರಿನ ಕಲ್ಮನೆಗಳನ್ನೂ ಜೇವರ್ಗಿಯ ಕಲ್ಗುಪ್ಪೆಗಳನ್ನೂ ಪರಿಶೋಧಿಸಿ ವಿದ್ವಲ್ಲೋಕಕ್ಕೆ ಪರಿಚಯ ಮಾಡಿಕೊಟ್ಟುದು ಇತಿಹಾಸಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಜೇವರ್ಗಿಯ ಗೋರಿಗಳಲ್ಲಿ ಮನುಷ್ಯರ ಅಸ್ಥಿಗಳೊಡನೆ ಮಣ್ಣಿನ ಪಾತ್ರೆಗಳೂ ಕಬ್ಬಿಣದ ಆಯುಧಗಳೂ ದೊರೆತುವು. ಅಲ್ಲಿ ಲೋಹವು ಅಸ್ಥಿಯ ಪಕ್ಕದಲ್ಲಿ ಅಲುಗಾಡದೆ ಮಲಗಿದ್ದಿತು; ಅದನ್ನು ತಿನ್ನುವುದಕ್ಕೆ ನೆಲದ ತೇವವೊಂದೇ ಇದ್ದಿತು. ಬದುಕಿರುವವನ ಅಸ್ಥಿಗೆ ಲೋಹವನ್ನು ಬಿಗಿದರಾದರೋ ತೇವದೊಡನೆ ಚಲನೆಯೂ ಸೇರಿಕೊಳ್ಳುವುದು. ಈ ಎರಡನೆಯ ಶತ್ರುವನ್ನು ಶಸ್ತ್ರವೈದ್ಯರು ಕಂಡುಕೊಂಡ ಬಗೆಯೇ ಇಲ್ಲಿನ ವಿಚಾರ.

ಅಮೆರಿಕದ ಗ್ಯಾಲ್ವೆಸ್ಟನ್ ಪಟ್ಟಣದ ಬರ್ಟೋಲ್ಡ್ ಹಾಡ್ರಾ ಎಂಬ ವೈದ್ಯರು 1891ರಲ್ಲಿ, ಕತ್ತಿನ ಬೆನ್ನುಮಣಿಗಳು ಮುರಿದು ಜಾರಿದ್ದ ರೋಗಿಯೊಬ್ಬನಿಗೆ ಮಣಿಗಳನ್ನು ತಂತಿಯಿಂದ ಬಿಗಿದ ವೃತ್ತಾಂತವನ್ನು ಪ್ರಕಟಿಸಿದರು. ಸುಮಾರು ಇಪ್ಪತ್ತು ವರ್ಷಗಳ ತರುವಾಯ ಮ್ಯೂನಿಕ್ಕಿನ ಫ್ರಿಟ್ಸ್ ಲಾಂಗೆ ಅವರು ಬೆನ್ನೆಲುಬಿನ ಇಕ್ಕೆಲಗಳಲ್ಲಿ ಉಕ್ಕಿನ ಸರಳುಗಳನ್ನಿಟ್ಟು ಕಟ್ಟಿದರು. 1911ರಲ್ಲಿ ನ್ಯೂಯಾರ್ಕಿನ ರಸಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಇವರಿಬ್ಬರು ಬೇರೆಬೇರೆಯಾಗಿ, ಲೋಹದ ಹಂಗಿಲ್ಲದೆ ಮಣಿಗಳನ್ನು ಎಲುಬಿನಿಂದಲೇ ಬೆಸೆಯುವ ಕ್ರಮವನ್ನು ತೋರಿಸಿದರು. ಮೊದಲ ತಲೆಮಾರಿನವರಿಗೆ ತೋರಿದ ಮುಖ್ಯ ಭಯವು ತುಕ್ಕಿನದು. ಬೇರೆಬೇರೆ ಲೋಹಗಳು ದೇಹದ ಉಪ್ಪುನೀರಿನಲ್ಲಿ ವಿದ್ಯುತ್ಕೋಶದಂತೆ ವರ್ತಿಸಿ ಕರಗುವುವೆಂದು ವೆನಬಲ್ ಮತ್ತು ಸ್ಟಕ್ ಅವರು 1937ರಲ್ಲಿ ತೋರಿಸಿದ ಮೇಲೆ, ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹಕ್ಕೆ ಮನ್ನಣೆ ದೊರೆಯಿತು.

ಆದರೆ ತುಕ್ಕು ಹಿಡಿಯದ ಲೋಹವು ಸವೆಯದ ಲೋಹವಲ್ಲ. ಇಂಥ ಲೋಹಗಳನ್ನು ಕಾಯುವುದು ಅವುಗಳ ಮೈಮೇಲಿನ ಅತಿ ತೆಳುವಾದ ಆಕ್ಸೈಡಿನ ಪೊರೆ. ಎರಡು ಲೋಹದ ಮೈಗಳು ಒಂದನ್ನೊಂದು ಒತ್ತಿಕೊಂಡು ಕಣ್ಣಿಗೆ ಕಾಣದಷ್ಟು ಅಲುಗಿದರೂ ಆ ಪೊರೆ ಹರಿಯುವುದು, ಮತ್ತೆ ಕಟ್ಟುವುದು, ಮತ್ತೆ ಹರಿಯುವುದು. ಪ್ರತಿಸಲವೂ ಲೋಹವು ಕೊಂಚಕೊಂಚವೇ ಪುಡಿಯಾಗಿಯೂ ಅಯಾನುಗಳಾಗಿಯೂ ಕಳೆದುಹೋಗುವುದು. ಯಂತ್ರಗಳ ಕೀಲುಗಳಲ್ಲಿ ಈ ವ್ಯಾಪಾರವನ್ನು ಇಂಗ್ಲೆಂಡಿನ ಟಾಮ್ಲಿನ್‌ಸನ್ ಅವರು 1927ರಷ್ಟು ಹಿಂದೆಯೇ ಪರೀಕ್ಷಿಸಿದ್ದರು. ದೇಹದಲ್ಲಾದರೆ ಆ ಪುಡಿಯನ್ನು ರಕ್ಷಕ ಜೀವಕೋಶಗಳು ನುಂಗುವುವು. ಅದರಿಂದ ಹುಟ್ಟುವ ಉರಿಯೂತವು ಲೋಹವನ್ನು ಹಿಡಿದಿರುವ ಎಲುಬನ್ನೇ ಕರಗಿಸಬಲ್ಲುದು.

ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ನರು ಪೋಲಿಯೋದಿಂದ ಬೆನ್ನು ಡೊಂಕಾದ ಮಕ್ಕಳಿಗಾಗಿ ಕೊಕ್ಕೆ ಮತ್ತು ಸರಳುಗಳ ಸಾಧನವನ್ನು ರಚಿಸಿ 1962ರಲ್ಲಿ ಪ್ರಕಟಿಸಿದರು. ಎಲುಬಿನ ಬೆಸುಗೆಯಿಲ್ಲದೆ ಬರಿಯ ಲೋಹವನ್ನು ನಂಬಿದಾಗ ಕೊಕ್ಕೆಗಳು ಕಳಚಿದುವು, ಸರಳುಗಳು ಮುರಿದುವು. ಎಲುಬು ಬೆಸೆದುಕೊಳ್ಳುವವರೆಗೆ ಮಾತ್ರ ಲೋಹವು ಭಾರ ಹೊರುವುದೆಂಬುದೂ, ಬೆಸುಗೆ ತಡವಾದರೆ ಲೋಹವು ಸೋಲುವುದೆಂಬುದೂ ಆಗ ಸ್ಪಷ್ಟವಾಯಿತು. ಮುಂದೆ ಪ್ಯಾರಿಸ್ಸಿನ ರುವಾ-ಕಾಮೀಯ್ ಅವರ ತಿರುಪುಗಳೂ 1984ರಲ್ಲಿ ಕೊತ್ರೆಲ್ ಮತ್ತು ದ್ಯುಬುಸೆ ಅವರು ಪ್ರಕಟಿಸಿದ ಸಾಧನವೂ ಬಿಗಿತವನ್ನು ಹೆಚ್ಚಿಸಿದುವು. ಆದರೆ ತಿರುಪು, ಸರಳು, ಅಡ್ಡಕೊಂಡಿಗಳು ಹೆಚ್ಚಿದಷ್ಟೂ ಲೋಹಕ್ಕೆ ಲೋಹ ತಾಗುವ ಸಂಧಿಗಳೂ ಹೆಚ್ಚಿದುವು.

ಬೆನ್ನಿನ ಚಲನೆಯನ್ನು ಉಳಿಸುವ ಆಶೆಯೂ ಇದರ ಜೊತೆಗೇ ಬೆಳೆಯಿತು. ಸ್ವೀಡನ್ನಿನ ಫೆರ್ನ್‌ಸ್ಟ್ರೋಮ್ ಅವರು 1960ರ ದಶಕದಲ್ಲಿ ಮಣಿಗಳ ನಡುವಣ ಮೆತ್ತೆಯ ಸ್ಥಾನದಲ್ಲಿ ಉಕ್ಕಿನ ಗುಂಡುಗಳನ್ನಿಟ್ಟರು. ಅವು ಎಲುಬಿನೊಳಕ್ಕೆ ಕುಸಿದುವು. 1984ರಲ್ಲಿ ಪೂರ್ವ ಬರ್ಲಿನ್ನಿನ ಶಾರಿಟೇ ಆಸ್ಪತ್ರೆಯಲ್ಲಿ ಶೆಲ್ನಾಕ್ ಮತ್ತು ಬ್ಯೂಟ್ನರ್-ಯಾಂಟ್ಸ್ ಅವರ ಕೃತಕ ಮೆತ್ತೆಯು ಬಳಕೆಗೆ ಬಂದಿತು: ಎರಡು ಲೋಹದ ತಟ್ಟೆ, ನಡುವೆ ಪಾಲಿಎಥಿಲೀನಿನ ತಿರುಳು. ಇಂಥವನ್ನು ಈಗ ಯಂತ್ರದಲ್ಲಿ ಒಂದು ಕೋಟಿ ಸಲ ಬಾಗಿಸಿ ಪರೀಕ್ಷಿಸುವ ಅಂತರರಾಷ್ಟ್ರೀಯ ನಿಯಮವುಂಟು. ಆದರೂ ಯಂತ್ರದ ಬಾಗಾಟವು ಮನುಷ್ಯನ ಬಾಳಲ್ಲ.

ಈ ಮಾತಿಗೆ ಮಕ್ಕಳ ಸರಳುಗಳೇ ನಿದರ್ಶನ. ಬೆಳೆಯುವ ಮಗುವಿಗೆ ಪದೇ ಪದೇ ಶಸ್ತ್ರಕ್ರಿಯೆಯಾಗಬಾರದೆಂದು, ಹೊರಗಿನಿಂದ ಅಯಸ್ಕಾಂತದ ಬಲದಿಂದ ಉದ್ದವಾಗುವ ಟೈಟೇನಿಯಂ ಸರಳನ್ನು ರಚಿಸಲಾಯಿತು. ಹಾಂಗ್‌ಕಾಂಗಿನ ವೈದ್ಯರು 2012ರಲ್ಲಿ ಅದರ ಸತ್ಫಲವನ್ನು ವರದಿ ಮಾಡಿದರು. ಮಗುವಿಗೆ ಅದು ದೊಡ್ಡ ಉಪಕಾರವೇ. ಆದರೆ ಉದ್ದವಾಗುವ ಸರಳಿನಲ್ಲಿ ಒಂದು ಭಾಗವು ಇನ್ನೊಂದರೊಳಗೆ ಜಾರಲೇಬೇಕು. ಟೈಟೇನಿಯಮ್ಮೋ ತುಕ್ಕಿಗೆ ಜಗ್ಗದಿದ್ದರೂ ಉಜ್ಜಿಗೆ ಬೇಗ ಸವೆಯುವ ಲೋಹ. ಹೊರತೆಗೆದ ಅನೇಕ ಸರಳುಗಳ ಸುತ್ತಣ ಮಾಂಸವು ಲೋಹದ ಪುಡಿಯಿಂದ ಕಪ್ಪಾಗಿದ್ದುದು ಕಂಡುಬಂದಿತು. 2020ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಅಂಥ ಸರಳುಗಳನ್ನು ಹೊಸದಾಗಿ ಅಳವಡಿಸುವುದನ್ನು ನಿಲ್ಲಿಸುವಂತೆ ಸೂಚಿಸಿತು.

ಇದರಿಂದ ತಿಳಿಯುವುದಿಷ್ಟೆ: ಬೆಸುಗೆಯನ್ನು ಬಯಸಿದಾಗ ಲೋಹದ ಕೆಲಸ ಕೆಲವು ತಿಂಗಳಿನದು; ಚಲನೆಯನ್ನು ಬಯಸಿದಾಗ ಅದು ಜೀವಮಾನದ್ದು, ಅದರ ಬೆಲೆ ಸವೆತ. ಸವೆತದ ನಿಜಸ್ವರೂಪವು ತಿಳಿದುದಾದರೂ ಹೊರತೆಗೆದ ಲೋಹವನ್ನು ಎಸೆಯದೆ ಪರೀಕ್ಷಿಸಿದ್ದರಿಂದ. ಅಗೆದು ತೆಗೆದ ವಸ್ತುವೇ ಪ್ರಮಾಣವೆಂಬ ನ್ಯಾಯವು ಪುರಾತತ್ತ್ವಕ್ಕೆ ಹೇಗೋ ಈ ವೈದ್ಯಕ್ಕೂ ಹಾಗೆಯೇ. ಸುರಪುರದಂಥ ಊರಿನಿಂದ ದೂರದ ನಗರಕ್ಕೆ ಹೋಗಿ ಬೆನ್ನಿಗೆ ಲೋಹ ಹಾಕಿಸಿಕೊಂಡು ಬಂದವನಿಗೆ ಹತ್ತು ವರ್ಷಗಳ ಮೇಲೆ ನೋವು ಮರುಕಳಿಸಿದರೆ, ಯಾವ ಲೋಹ, ಯಾವ ಸಾಧನ, ಯಾವ ವರ್ಷ ಎಂಬುದನ್ನು ತಿಳಿಸುವ ಕಾಗದವೊಂದು ಅವನ ಕೈಯಲ್ಲಿರಬೇಕು. ಅದಿಲ್ಲದಿದ್ದರೆ ಮುಂದಿನ ವೈದ್ಯನು ಕತ್ತಲಲ್ಲಿ ತಡಕಬೇಕಾಗುವುದು.