ಗಾಳಿಯ ಲೆಕ್ಕ, ಹಸಿವಿನ ಲೆಕ್ಕ

ಕಡಲಿನಲ್ಲಿ ದೋಣಿ ಮುಳುಗಿ ಜನ ಸತ್ತರೆಂಬ ಸುದ್ದಿ ಬಂದಾಗ ದಡದಲ್ಲಿರುವ ನಾವು ಎರಡರಲ್ಲಿ ಒಂದು ಮಾತು ಹೇಳಿ ಸುಮ್ಮನಾಗುತ್ತೇವೆ. ಒಂದು, ‘ಹಣೆಬರಹ’. ಇನ್ನೊಂದು, ‘ಅಂಥ ಹವೆಯಲ್ಲಿ ಹೋಗುವ ಅಗತ್ಯವೇನಿತ್ತು?’ ಮೊದಲನೆಯ ಮಾತು ಯಾರನ್ನೂ ಪ್ರಶ್ನಿಸುವುದಿಲ್ಲ. ಎರಡನೆಯದು ಸತ್ತವರನ್ನು ಮಾತ್ರ ಪ್ರಶ್ನಿಸುತ್ತದೆ. ಇವೆರಡರ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದುಹೋಗುತ್ತದೆ: ಕಡಲಿಗಿಳಿಯುವವನು ಅಪಾಯವನ್ನು ಹೇಗೆ ಅಳೆಯುತ್ತಾನೆ, ಅವನ ಕೈಯಲ್ಲಿರುವ ತಕ್ಕಡಿ ಯಾರದು? ಇದಕ್ಕೆ ಉತ್ತರ ಹುಡುಕಲು ಹತ್ತೊಂಬತ್ತನೇ ಶತಮಾನದ ಸ್ಕಾಟ್ಲೆಂಡಿನ ಪೂರ್ವ ಕರಾವಳಿಗೆ ಹೋಗಬೇಕು. ಉತ್ತರ ಸಮುದ್ರದ ಥಂಡಿ ನೀರಿನಲ್ಲಿ ಹಾಯಿದೋಣಿಗಳಲ್ಲಿ ಮೀನು ಹಿಡಿದು ಬದುಕಿದ ಬಡವರ ಚರಿತ್ರೆ ಅಲ್ಲಿದೆ.

1848ರ ಆಗಸ್ಟ್ 18ರ ಮಧ್ಯಾಹ್ನ ವಿಕ್ ಎಂಬ ಬಂದರಿನಿಂದ ಸುಮಾರು 800 ದೋಣಿಗಳು ಹೆರಿಂಗ್ ಮೀನಿಗಾಗಿ ಹೊರಟವು. ಹೆರಿಂಗ್ ಎಂದರೆ ನಮ್ಮ ಬೂತಾಯಿಯ ಬಳಗದ ಮೀನು. ರಾತ್ರಿಯಲ್ಲಿ ಬಲೆ ಬಿಟ್ಟು ಬೆಳಗಾಗುವಾಗ ಮರಳುವುದು ವಾಡಿಕೆ. ಅಂದು ನಡುರಾತ್ರಿಯ ಹೊತ್ತಿಗೆ ಗಾಳಿ ಎದ್ದಿತು. ಭರತದ ನೀರಿರುವಾಗಲೇ ಮರಳಿದವರು ಬಂದರು ಸೇರಿಕೊಂಡರು. ತಡವಾಗಿ ಬಂದವರಿಗೆ ಬಂದರಿನ ಬಾಯಿಯಲ್ಲಿ ನೀರೇ ಇರಲಿಲ್ಲ. ಇಳಿತದ ನೀರಿನಲ್ಲಿ ಒಳಗೆ ನುಗ್ಗಲಾಗದೆ ಹೊರಗಿನ ಅಲೆಯಲ್ಲಿ ದೋಣಿಗಳು ಒಡೆದವು. ಆ ಒಂದೇ ಬಿರುಗಾಳಿಗೆ ಆ ಕರಾವಳಿಯುದ್ದಕ್ಕೂ 124 ದೋಣಿಗಳು ಹಾಳಾದವು, 100 ಮಂದಿ ಸತ್ತರು. ನಮ್ಮ ಕರಾವಳಿಯವರಿಗೆ ಅಳಿವೆ ಬಾಗಿಲು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಡುಗಡಲನ್ನು ಗೆದ್ದು ಬಂದವನು ಮನೆಯ ಬಾಗಿಲಲ್ಲಿ ಸೋಲುವ ಜಾಗ ಅದು.

ಇದರ ವಿಚಾರಣೆಗೆ ನೌಕಾಪಡೆಯ ಕ್ಯಾಪ್ಟನ್ ಜಾನ್ ವಾಷಿಂಗ್ಟನ್ ಅವರನ್ನು ಸರಕಾರ ನೇಮಿಸಿತು. 1849ರಲ್ಲಿ ಬಂದ ಅವರ ವರದಿ ಕೇವಲ ಗಾಳಿಯನ್ನು ದೂರಿ ಕೈ ತೊಳೆದುಕೊಳ್ಳಲಿಲ್ಲ. ಅಲ್ಲಿನ ದೋಣಿಗಳಿಗೆ ಡೆಕ್ಕು ಇರಲಿಲ್ಲ. ದೊಡ್ಡ ಅಲೆಯೊಂದು ಒಳಗೆ ಬಿದ್ದರೆ ತೆರೆದ ದೋಣಿ ತುಂಬಿಹೋಗುತ್ತಿತ್ತು. ಡೆಕ್ಕು ಹಾಕಿಸಿಕೊಳ್ಳಲು ಮೀನುಗಾರರು ಒಪ್ಪುತ್ತಿರಲಿಲ್ಲ. ಅದರಿಂದ ದೋಣಿಯ ಬೆಲೆ ಏರುತ್ತದೆ, ಮೀನು ತುಂಬುವ ಜಾಗ ಕಡಿಮೆಯಾಗುತ್ತದೆ, ಭಾರವೂ ಹೆಚ್ಚುತ್ತದೆ ಎಂಬುದು ಅವರ ವಾದ. ಹೊರಗಿನವರಿಗೆ ಇದು ಮೊಂಡುತನದಂತೆ ಕಾಣುತ್ತದೆ. ಆದರೆ ಒಳ್ಳೆಯ ಬಂದರು ಇಲ್ಲದ ಊರಿನಲ್ಲಿ ದೋಣಿಯನ್ನು ದಿನವೂ ಮರಳಿನ ಮೇಲೆ ಎಳೆದು ಇಡಬೇಕು. ಎಳೆಯುವವರು ಮನುಷ್ಯರು. ಅವರಿಗೆ ಹಗುರ ದೋಣಿಯೇ ಬೇಕು. ಬಂದರು ಕಟ್ಟದೆ ಇದ್ದುದರಿಂದ ದೋಣಿ ಹಗುರವಾಯಿತು, ದೋಣಿ ಹಗುರವಾದದ್ದರಿಂದ ಪ್ರಾಣ ಹೋಯಿತು. ವಾಷಿಂಗ್ಟನ್ ಅವರು ಡೆಕ್ಕಿನ ಜೊತೆಗೆ ಒಳ್ಳೆಯ ಬಂದರುಗಳನ್ನೂ ಕೇಳಿದರು. ಕೂಲಿಯ ಒಂದು ಭಾಗವನ್ನು ವಿಸ್ಕಿಯ ರೂಪದಲ್ಲಿ ಕೊಡುವ ಪದ್ಧತಿಯನ್ನೂ ಖಂಡಿಸಿದರು.

ಎರಡನೆಯ ಅಧ್ಯಾಯ ರಾಬರ್ಟ್ ಫಿಟ್ಜ್‌ರಾಯ್ ಅವರದು. ಚಾರ್ಲ್ಸ್ ಡಾರ್ವಿನ್ ಪ್ರಯಾಣಿಸಿದ ಬೀಗಲ್ ಹಡಗಿನ ಕಪ್ತಾನರಾಗಿದ್ದ ಇವರು 1854ರಲ್ಲಿ ಬ್ರಿಟನ್ನಿನ ಹವಾಮಾನ ವಿಭಾಗದ ಮುಖ್ಯಸ್ಥರಾದರು. ಬಡ ಮೀನುಗಾರರ ಊರುಗಳಿಗೆ ವಾಯುಭಾರಮಾಪಕಗಳನ್ನು ಕೊಡಿಸಿ, ಪಾದರಸ ಇಳಿದರೆ ಅದರ ಅರ್ಥವೇನೆಂದು ಓದಲು ಕಲಿಸಿದರು. 1859ರ ಅಕ್ಟೋಬರ್ 26ರಂದು ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ತೀರದಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಅವರ ಮಾತಿಗೆ ಬೆಲೆ ಬಂತು. 1861ರಲ್ಲಿ ತಂತಿಯ ಮೂಲಕ ಬಂದರುಗಳಿಗೆ ಸುದ್ದಿ ಕಳಿಸಿ, ಕಂಬದ ಮೇಲೆ ಶಂಕುವಿನಾಕಾರದ ಗುರುತು ಏರಿಸಿ ಬಿರುಗಾಳಿಯ ಎಚ್ಚರಿಕೆ ಕೊಡುವ ವ್ಯವಸ್ಥೆ ಶುರುವಾಯಿತು. ತಪ್ಪಿದ ಮುನ್ಸೂಚನೆಗಳಿಗೆ ಅವರನ್ನು ಗೇಲಿ ಮಾಡಿದವರೂ ಇದ್ದರು. 1865ರ ಏಪ್ರಿಲ್ 30ರಂದು ಫಿಟ್ಜ್‌ರಾಯ್ ಆತ್ಮಹತ್ಯೆ ಮಾಡಿಕೊಂಡರು. ಅವರ ನಂತರ, 1866ರ ಕೊನೆಯಲ್ಲಿ, ಪಂಡಿತರ ಸಮಿತಿಯೊಂದರ ಮಾತಿನಂತೆ ಎಚ್ಚರಿಕೆಯ ಗುರುತುಗಳನ್ನೂ ನಿಲ್ಲಿಸಲಾಯಿತು. ಅವು ಮತ್ತೆ ಬೇಕೆಂದು ಕೂಗೆದ್ದದ್ದು ಕಡಲಿನ ಜನರಿಂದ. ಮರುವರ್ಷವೇ ಗುರುತುಗಳು ಮರಳಿ ಬಂದವು. ಅರ್ಧ ಸರಿಯಾದ ಎಚ್ಚರಿಕೆಯ ಬೆಲೆ ಏನೆಂದು ಪಂಡಿತರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಎಚ್ಚರಿಕೆ ಇದ್ದರೆ ಸಾಕೇ? ಸಾಲದು ಎನ್ನುವುದಕ್ಕೆ ಐಮೌತ್ ಊರು ಸಾಕ್ಷಿ.

1881ರ ಅಕ್ಟೋಬರ್ 14, ಶುಕ್ರವಾರ. ಬೆಳಿಗ್ಗೆ ಬಿಸಿಲಿತ್ತು, ಕಡಲು ಶಾಂತವಾಗಿತ್ತು. ಆದರೆ ಬಂದರಿನಲ್ಲಿದ್ದ ವಾಯುಭಾರಮಾಪಕದ ಪಾದರಸ ತೀರಾ ಕೆಳಗಿಳಿದಿತ್ತು. ಮೀನುಗಾರರು ಅದನ್ನು ನೋಡಿದ್ದರು. ನೋಡಿಯೂ ಹೋದರು. ಮಧ್ಯಾಹ್ನದ ಹೊತ್ತಿಗೆ ಆಕಾಶ ಒಮ್ಮೆಲೇ ಕಪ್ಪಾಯಿತು, ತೂಫಾನು ಎರಗಿತು. ಅಂದು ಆ ಕರಾವಳಿಯ 189 ಮೀನುಗಾರರು ಸತ್ತರು. ಅವರಲ್ಲಿ 129 ಮಂದಿ ಐಮೌತ್ ಎಂಬ ಒಂದೇ ಪುಟ್ಟ ಊರಿನವರು. ಬಂದರಿನ ಬಾಯಿಯಲ್ಲಿರುವ ಹರ್ಕರ್ ಬಂಡೆಗಳಿಗೆ ಬಡಿದು ದೋಣಿಗಳು ಒಡೆಯುವುದನ್ನು ಹೆಂಡತಿ ಮಕ್ಕಳು ದಡದಲ್ಲಿ ನಿಂತು ನೋಡಬೇಕಾಯಿತು.

ಇವರು ಅಜ್ಞಾನಿಗಳಾಗಿರಲಿಲ್ಲ. ಹೊರಡುವ ಮುನ್ನ ಅವರ ಮುಂದಿದ್ದ ಲೆಕ್ಕವನ್ನು ನಾವೂ ಒಮ್ಮೆ ಹಾಕಿ ನೋಡೋಣ. ಕೆಟ್ಟ ಹವೆಯಿಂದಾಗಿ ಹಲವು ದಿನ ದೋಣಿಗಳು ದಡದಲ್ಲೇ ಇದ್ದವು. ಮನೆಯ ಹೆಂಗಸರು ಮಕ್ಕಳು ಸಾವಿರಾರು ಗಾಳಗಳಿಗೆ ಒಂದೊಂದಾಗಿ ಕಟ್ಟುವ ಚಿಪ್ಪುಮೀನಿನ ಎರೆ ಬಹಳ ದಿನ ಇಟ್ಟರೆ ಕೆಡುತ್ತದೆ. ಸಾಲದ ಕಂತು ಗಾಳಿ ನಿಲ್ಲುವವರೆಗೆ ಕಾಯುವುದಿಲ್ಲ. ಇದರ ಹಿಂದೆ ಇನ್ನೊಂದು ಹಳೆಯ ಹೊರೆಯೂ ಇತ್ತು. ಹಿಡಿದ ಮೀನಿನಲ್ಲಿ ಸ್ಥಳೀಯ ಚರ್ಚಿಗೆ ಪಾಲು ಕೊಡಬೇಕೆಂಬ ಕಟ್ಟಳೆಯ ವಿರುದ್ಧ ವಿಲಿಯಂ ಸ್ಪಿಯರ್ಸ್ ಎಂಬ ಮೀನುಗಾರನ ಮುಂದಾಳತ್ವದಲ್ಲಿ ಊರವರು ವರ್ಷಗಟ್ಟಲೆ ಹೋರಾಡಿದ್ದರು. ಕೊನೆಗೆ 1860ರ ದಶಕದಲ್ಲಿ ದೊಡ್ಡ ಮೊತ್ತ ಕಟ್ಟಿ ಅದರಿಂದ ಬಿಡಿಸಿಕೊಂಡರು. ಆ ವ್ಯಾಜ್ಯದ ಕಾಲದಲ್ಲಿ ಬಂದರಿನ ಸುಧಾರಣೆ ಹಿಂದೆ ಬಿತ್ತು. ಇಷ್ಟೆಲ್ಲ ಭಾರ ಒಂದು ತಟ್ಟೆಯಲ್ಲಿರುವಾಗ ಇನ್ನೊಂದು ತಟ್ಟೆಯಲ್ಲಿದ್ದ ಪಾದರಸ ಎಷ್ಟು ತೂಗೀತು? ಒಬ್ಬ ತಂಡೇಲ ಹಾಯಿ ಬಿಚ್ಚಿದ ಮೇಲೆ ಮಿಕ್ಕವರು ಕೈಕಟ್ಟಿ ನಿಲ್ಲುವುದೂ ಸುಲಭವಲ್ಲ.

ತೂಫಾನು ಬಂದ ಮೇಲೆ ಎರಡನೆಯ ತೀರ್ಮಾನದ ಘಳಿಗೆ ಬಂತು: ಬಂದರಿಗೆ ಓಡುವುದೋ, ಕಡಲಿನಲ್ಲೇ ನಿಲ್ಲುವುದೋ? ಓಡಿಬಂದ ಹಲವು ದೋಣಿಗಳು ಬಂಡೆಗೆ ಬಲಿಯಾದವು. ಏರಿಯಲ್ ಗಝೆಲ್ ಎಂಬ ದೋಣಿಯಂತೆ ದಡದಿಂದ ದೂರ ಸರಿದು, ಗಾಳಿಯನ್ನು ಕಡಲಿನಲ್ಲೇ ಎದುರಿಸಿದ ಕೆಲವು ದೋಣಿಗಳು ಉಳಿದು ಮರಳಿದವು. ಮನೆ ಕಣ್ಣಿಗೆ ಕಾಣುತ್ತಿರುವಾಗ ಅದಕ್ಕೆ ಬೆನ್ನು ಹಾಕುವುದು ಎಷ್ಟು ಕಷ್ಟವೆಂದು ಊಹಿಸಬಹುದು. ಆದರೆ ಸಣ್ಣ ದೋಣಿಗೆ ನೀರಿಗಿಂತ ನೆಲವೇ ಹೆಚ್ಚು ಅಪಾಯಕಾರಿ ಎಂಬುದು ಹಳೆಯ ನಾವಿಕರ ಅನುಭವ.

ಇನ್ನು ಚಳಿಯ ಮಾತು. ಥಂಡಿ ನೀರಿಗೆ ಬಿದ್ದವನು ಮೈ ತಣ್ಣಗಾಗಿ ನಿಧಾನವಾಗಿ ಸಾಯುತ್ತಾನೆ ಎಂದು ನಾವು ತಿಳಿದಿದ್ದೇವೆ. ಅಷ್ಟು ಹೊತ್ತು ಹಲವರು ಬದುಕುವುದೇ ಇಲ್ಲ. ನೀರಿನ ಶಾಖ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಬಿದ್ದ ಮೊದಲ ಒಂದೆರಡು ನಿಮಿಷ ಉಸಿರು ಹತೋಟಿ ತಪ್ಪಿ ಏದುಸಿರಾಗುತ್ತದೆ. ಆಗ ಬಾಯಿಗೆ ಅಲೆ ಬಡಿದರೆ ಅಲ್ಲಿಗೆ ಮುಗಿಯಿತು. ಅದನ್ನು ದಾಟಿದರೆ ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋತು ಹಗ್ಗ ಹಿಡಿಯಲೂ ಆಗದು. ಶರೀರದ ಒಳಗಿನ ಶಾಖ ಅಪಾಯದ ಮಟ್ಟಕ್ಕೆ ಇಳಿಯುವುದು ಆಮೇಲಿನ ಸಂಗತಿ. ಆದ್ದರಿಂದ ಅಲ್ಲಿ ಈಜು ಬಲ್ಲವನಿಗಿಂತ ತೇಲುವ ಅಂಗಿ ತೊಟ್ಟವನಿಗೆ ಆಸೆ ಹೆಚ್ಚು. 1861ರ ಫೆಬ್ರವರಿ 9ರಂದು ಇಂಗ್ಲೆಂಡಿನ ವಿಟ್ಬಿಯಲ್ಲಿ ರಕ್ಷಣಾ ದೋಣಿ ಮಗುಚಿ 13 ಮಂದಿಯಲ್ಲಿ 12 ಮಂದಿ ಸತ್ತರು. ಬದುಕಿದ ಹೆನ್ರಿ ಫ್ರೀಮನ್ ಒಬ್ಬರೇ ಹೊಸ ಮಾದರಿಯ ಬೆಂಡಿನ ಅಂಗಿ ತೊಟ್ಟಿದ್ದರು.

ಬಡತನವೊಂದೇ ಈ ಲೆಕ್ಕವನ್ನು ಕೆಡಿಸುತ್ತದೆಯೇ ಎಂದು ಕೇಳಿದರೆ, ಇಲ್ಲ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಬರುವ ಪಂದ್ಯಕ್ಕೆ 303 ಹಾಯಿದೋಣಿಗಳು ಹೊರಟವು. ಅವು ಶ್ರೀಮಂತ ಕ್ರೀಡೆಯ ದೋಣಿಗಳು. ಮುನ್ಸೂಚನೆ ಹೇಳಿದ್ದಕ್ಕಿಂತ ಬಹಳ ಜೋರಾದ ಬಿರುಗಾಳಿ ಬಂದು 15 ಸ್ಪರ್ಧಿಗಳು ಸತ್ತರು. ಜನ ಬಿಟ್ಟುಬಂದ 24 ದೋಣಿಗಳಲ್ಲಿ ಮುಳುಗಿದ್ದು 5 ಮಾತ್ರ. ಉಳಿದವು ತೇಲುತ್ತಲೇ ಸಿಕ್ಕವು. ರಬ್ಬರಿನ ತೆಪ್ಪ ಸುರಕ್ಷಿತವೆಂದು ದೋಣಿ ಬಿಟ್ಟಿಳಿದು ಪ್ರಾಣ ಕಳೆದುಕೊಂಡವರೂ ಇದ್ದರು. ತೇಲುತ್ತಿರುವ ದೋಣಿಯನ್ನು ಕೊನೆಯವರೆಗೂ ಬಿಡಬಾರದೆಂಬ ಪಾಠ ಅಲ್ಲಿ ಮತ್ತೊಮ್ಮೆ ಸಿಕ್ಕಿತು. ಆದರೆ ಒಂದು ವ್ಯತ್ಯಾಸವಿದೆ. ಆ ಸ್ಪರ್ಧಿಗಳಿಗೆ ಹೋಗದೆ ಇರುವ ಸ್ವಾತಂತ್ರ್ಯವಿತ್ತು. ಐಮೌತಿನವರಿಗೆ ಅದು ಹೆಸರಿಗೆ ಮಾತ್ರ ಇತ್ತು.

ಈ ಕಥೆ ನಮಗೆ ದೂರದ್ದಲ್ಲ. 1864ರ ಅಕ್ಟೋಬರಿನ ಭೀಕರ ಚಂಡಮಾರುತದ ಬಳಿಕ, 1865ರಲ್ಲಿ ಕಲ್ಕತ್ತೆಯ ಬಂದರಿನಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಡುವ ಏರ್ಪಾಡು ಶುರುವಾಯಿತು. ನಮ್ಮ ಬಂದರುಗಳಲ್ಲಿ ಏರಿಸುವ ನಂಬರಿನ ಸಿಗ್ನಲುಗಳು ಆ ಪರಂಪರೆಯವೇ. 2017ರ ನವೆಂಬರಿನ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ ಮತ್ತು ತಮಿಳುನಾಡಿನ ಎಷ್ಟೋ ದೋಣಿಗಳು ಎಚ್ಚರಿಕೆ ತಲುಪುವ ಮೊದಲೇ ನಡುಗಡಲಿನಲ್ಲಿದ್ದವು. ಇಂದು ಉಪಗ್ರಹಗಳಿವೆ, ಮೊಬೈಲಿಗೆ ಸಂದೇಶ ಬರುತ್ತದೆ. ಇದೆಲ್ಲ ಬೇಕು. ಆದರೆ ‘ಕಡಲಿಗಿಳಿಯಬೇಡಿ’ ಎಂಬ ಸಂದೇಶವನ್ನು ಓದಿದವನ ಮನೆಯಲ್ಲಿ ಆ ಮೂರು ದಿನಕ್ಕೆ ಅಕ್ಕಿ ಇದೆಯೇ ಎಂದು ಯಾವ ಉಪಗ್ರಹವೂ ನೋಡುವುದಿಲ್ಲ. ಅದನ್ನು ನೋಡಬೇಕಾದವರು ಸರಕಾರದವರು, ಸಾಲ ಕೊಟ್ಟವರು, ಮೀನು ತಿನ್ನುವ ನಾವು. ದಡದಲ್ಲಿ ಉಳಿಯಲು ಅವನಿಗೆ ದಾರಿ ಮಾಡಿಕೊಟ್ಟ ಮೇಲಷ್ಟೇ, ‘ಹೋಗುವ ಅಗತ್ಯವೇನಿತ್ತು’ ಎಂದು ಕೇಳುವ ಹಕ್ಕು ನಮಗೆ ಬರುತ್ತದೆ.