ಎದುರಾಳಿ ಇಲ್ಲದ ಗೆಲುವು

ಮತ ಎಣಿಕೆಯ ದಿನ ಟಿವಿ ಪರದೆಯ ತುಂಬ ಓಡಾಡುವ ಪದ ‘ಗೆಲುವು’. ಅದೇ ಹೊತ್ತಿಗೆ ಒಳಮನೆಯಲ್ಲಿ ಅಜ್ಜಿ, ಜ್ವರದಿಂದ ಮಲಗಿದ್ದ ಮೊಮ್ಮಗುವಿನ ಹಣೆ ಮುಟ್ಟಿ ‘ಇವತ್ತು ಸ್ವಲ್ಪ ಗೆಲುವಾಗಿದೆ’ ಅನ್ನುತ್ತಾಳೆ. ಮಗು ಯಾರನ್ನೂ ಸೋಲಿಸಿಲ್ಲ. ಗಂಜಿ ಕುಡಿದು, ಎದ್ದು ಕೂತು, ಆಟದ ಸಾಮಾನು ಕೇಳಿದೆ, ಅಷ್ಟೆ.

ಚುನಾವಣೆಯ ಗೆಲುವಿಗೆ ಎದುರಾಳಿ ಬೇಕು, ಅಂತರ ಬೇಕು, ಪಟಾಕಿ ಬೇಕು. ಅದನ್ನು ಜನ ‘ಸಾಧಿಸುತ್ತಾರೆ’, ಒಮ್ಮೊಮ್ಮೆ ‘ಕಸಿದುಕೊಳ್ಳುತ್ತಾರೆ’. ಮುಖದ ಗೆಲುವಿಗೆ ಇಂಥ ಕ್ರಿಯಾಪದಗಳು ಒಗ್ಗುವುದಿಲ್ಲ. ಮನುಷ್ಯ ಸುಮ್ಮನೆ ‘ಗೆಲುವಾಗುತ್ತಾನೆ’. ನೀರು ಕಂಡ ಗಿಡವೂ ಹಾಗೆಯೇ. ವಿರುದ್ಧಪದ ಕೇಳಿದರೆ ಮೊದಲನೆಯದಕ್ಕೆ ಥಟ್ಟನೆ ಸೋಲು ಎನ್ನುತ್ತೇವೆ. ಎರಡನೆಯದಕ್ಕೆ ಮಂಕು, ಸಪ್ಪೆ, ಬಾಡಿದ ಮುಖ ಎಂದು ತಡಕಾಡುತ್ತೇವೆ. ಸೋತೂ ಗೆಲುವಾಗಿರಬಹುದು: ಸಂಗೀತಕ್ಕೆ ಮನಸೋತವರನ್ನು ನೋಡಿ. ಗೆದ್ದೂ ಗೆಲುವಿಲ್ಲದವರು ಬೇಕೆಂದರೆ, ಪ್ರಮಾಣವಚನದ ದಿನ ಮಂತ್ರಿಗಿರಿ ತಪ್ಪಿದವರ ಸಾಲನ್ನು ನೋಡಿ.

ಗೆಲುವು ಎಂಬ ಈ ಪದ ನನಗೆ ಸ್ನೇಹಲತಾ ರೆಡ್ಡಿಯವರನ್ನು ನೆನಪಿಸುತ್ತದೆ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದವರು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಒಡನಾಟದ ಕಾರಣಕ್ಕೆ ಅವರನ್ನು ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಜಾರ್ಜ್ ಮುಖ್ಯ ಆರೋಪಿಯಾಗಿದ್ದ ಬರೋಡಾ ಡೈನಮೈಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಕೊನೆಗೆ ಅವರ ಹೆಸರೇ ಇರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಮೀಸಾ ಕಾಯ್ದೆ ಬಿಡಲಿಲ್ಲ. ತೀವ್ರ ಆಸ್ತಮಾ, ಸರಿಯಾದ ಚಿಕಿತ್ಸೆ ಇಲ್ಲ. ರಾತ್ರಿ ಅವರ ನರಳಾಟ ತನಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಮುಂದೆ ಬರೆದರು.

ಹೀಗೆ ಉಸಿರಿಗೇ ಪರದಾಡುತ್ತಿದ್ದ ಹೆಂಗಸು ಹಗಲು ಮಾಡುತ್ತಿದ್ದದ್ದೇನು? ರಾಜಕೀಯದ ಗಂಧವಿಲ್ಲದ, ಬಡತನ ಮತ್ತು ಕೋರ್ಟು-ಕಚೇರಿಗಳ ನಡುವೆ ಸಿಕ್ಕಿಕೊಂಡ ಸಹಕೈದಿಗಳಿಗೆ ಹಾಡು ಕಲಿಸುವುದು, ಆಟ ಆಡಿಸುವುದು. ಯಾರ ಪಕ್ಷ ಯಾವುದು ಎಂಬ ಪ್ರಶ್ನೆ ಆ ಹಾಡುಗಳ ಹತ್ತಿರ ಸುಳಿಯಲು ಕಾರಣವಿರಲಿಲ್ಲ.

1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 18ರಂದು ಇಂದಿರಾ ಗಾಂಧಿ ಲೋಕಸಭಾ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಮಾರ್ಚ್‌ನಲ್ಲಿ ಜಾರ್ಜ್ ಜೈಲಿನಲ್ಲಿದ್ದುಕೊಂಡೇ ಮುಜಫರ್‌ಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಇಂದಿರಾ ಸೋತರು. ಆದರೆ ಅದೇ ಚುನಾವಣೆಯಲ್ಲಿ ಕರ್ನಾಟಕ, 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಇಂದಿರಾರನ್ನು ಮತ್ತೆ ಸಂಸತ್ತಿಗೆ ಕಳಿಸಿತು. ಮತಪೆಟ್ಟಿಗೆಯೊಳಗಿನ ಗೆಲುವು ಹೀಗೆ, ಇವತ್ತು ಆ ಕಡೆ, ನಾಳೆ ಈ ಕಡೆ. ಅದರಲ್ಲಿ ತಪ್ಪೇನಿಲ್ಲ, ಪ್ರಜಾಪ್ರಭುತ್ವ ಅಂದರೆ ಅದೇ. ಆದರೆ ಮನೆಯ ನೆಮ್ಮದಿಯನ್ನು ಅದರ ಕೈಗೆ ಕೊಟ್ಟು ಕೂತರೆ, ಫಲಿತಾಂಶದ ದಿನ ಅಣ್ಣ ಉಬ್ಬಬೇಕು, ತಮ್ಮ ಬಾಡಬೇಕು. ಕುಟುಂಬದ ವಾಟ್ಸಾಪ್ ಗುಂಪಿನಿಂದ ಒಬ್ಬರು ಹೊರನಡೆಯಬೇಕು.

ಒಂದು ಎಚ್ಚರವೂ ಬೇಕು. ಕಷ್ಟದಲ್ಲಿರುವವರಿಗೆ ‘ಗೆಲುವಾಗಿರಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಸ್ನೇಹಲತಾಗೆ ಬೇಕಿದ್ದದ್ದು ಔಷಧಿ. ಅವರು ಹಾಡು ಕಲಿಸುತ್ತ ಇದ್ದರು ಎಂಬುದು ಅದನ್ನು ಕೊಡದವರ ತಪ್ಪನ್ನು ಎಳ್ಳಷ್ಟೂ ತಗ್ಗಿಸುವುದಿಲ್ಲ. ಸ್ನೇಹಲತಾ ಕೂಡ ಬರೀ ಹಾಡಿಕೊಂಡು ಕೂರಲಿಲ್ಲ. ಹೆಂಗಸರಿಗೆ ಬೀಳುತ್ತಿದ್ದ ಹೊಡೆತ ನಿಲ್ಲಿಸಿ ಎಂದು, ತಿನ್ನುವಂಥ ಊಟ ಕೊಡಿ ಎಂದು ಜೈಲಿನವರೊಡನೆ ಜಗಳವಾಡಿದರು. ಊಟಕ್ಕಾಗಿ ಜಗಳ, ಜೊತೆಗೆ ಹಾಡು: ಗೆಲುವನ್ನು ಇನ್ನೊಬ್ಬರಿಗೆ ಹಂಚಬೇಕೆಂದವರು ಎರಡನ್ನೂ ಮಾಡಬೇಕಾಗುತ್ತದೆ.