ಹರಿದ ಭುಜಕ್ಕೆ ವ್ಯಾಯಾಮವೇ ಮೊದಲ ಮದ್ದು

ಸೊಲ್ಲಾಪುರ ಮಗ್ಗದ ಊರು. 1877ರಲ್ಲಿ ಇಲ್ಲಿ ಬಟ್ಟೆ ಗಿರಣಿ ಶುರುವಾಯಿತು. ಮಗ್ಗದ ಮುಂದೆ ದುಡಿದವರು, ಅಕ್ಕಲಕೋಟ ಕಡೆಯ ಹೊಲಗಳಲ್ಲಿ ದುಡಿದವರು ವಯಸ್ಸಾದಂತೆ "ತೋಳು ಮ್ಯಾಲ ಎತ್ತಾಕ ಆಗವಲ್ದು" ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ.

ಭುಜದ ಕೀಲನ್ನು ನಾಲ್ಕು ಸ್ನಾಯುಗಳ ರಜ್ಜುಗಳು ಹಿಡಿದಿಟ್ಟಿವೆ. ವಯಸ್ಸಾದಂತೆ ಅವು ಸವೆದು ಹರಿಯಬಹುದು. ಹರಿದದ್ದನ್ನು ಹೊಲಿಯಲೇಬೇಕೆ? ಇದಕ್ಕೆ ನೂರು ವರ್ಷದ ಇತಿಹಾಸವಿದೆ.

ಅಮೆರಿಕದ ಬೋಸ್ಟನ್ನಿನ ವೈದ್ಯ ಅರ್ನೆಸ್ಟ್ ಕಾಡ್‌ಮನ್ ಹರಿದ ರಜ್ಜುವನ್ನು ಹೊಲಿದ ಶಸ್ತ್ರಚಿಕಿತ್ಸೆಯನ್ನು 1911ರಲ್ಲಿ ಪ್ರಕಟಿಸಿದರು. 1934ರಲ್ಲಿ ಭುಜದ ಬಗ್ಗೆಯೇ ದೊಡ್ಡ ಗ್ರಂಥ ಬರೆದರು. ಹೊಲಿಗೆ ಹಾಕಿದ ಅದೇ ವೈದ್ಯರ ಹೆಸರು ಒಂದು ಸರಳ ವ್ಯಾಯಾಮಕ್ಕೂ ಅಂಟಿಕೊಂಡಿದೆ: ಮುಂದಕ್ಕೆ ಬಾಗಿ, ತೋಳನ್ನು ಸಡಿಲವಾಗಿ ಇಳಿಬಿಟ್ಟು, ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗುವುದು.

2013ರಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಪೆಟ್ಟು ಬೀಳದೆಯೇ ರಜ್ಜು ಪೂರ್ತಿ ಹರಿದಿದ್ದ 452 ಜನರಿಗೆ ವ್ಯಾಯಾಮ ಕಲಿಸಿದರು. ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಕಾಲು ಭಾಗಕ್ಕಿಂತ ಕಡಿಮೆ. ಹರಿದದ್ದು ಕೂಡಿಕೊಂಡಿತೆಂದಲ್ಲ, ಉಳಿದ ಸ್ನಾಯುಗಳು ಬಲಗೊಂಡು ಕೆಲಸ ಹಂಚಿಕೊಂಡವು.

ನಮ್ಮ ತಾಲೀಮುಗಳಲ್ಲಿ ತಿರುಗಿಸುವ ಮರದ ಮುದ್ಗರವೂ ಭುಜದ ವ್ಯಾಯಾಮವೇ. ಅದು ಇಂಗ್ಲೆಂಡಿಗೂ ಹೋಗಿ, 1834ರಲ್ಲಿ ಡೊನಾಲ್ಡ್ ವಾಕರ್ ಅವರ ವ್ಯಾಯಾಮ ಪುಸ್ತಕದಲ್ಲಿ ಸೇರಿತು. ಆದರೆ ಅದು ಗಟ್ಟಿ ಭುಜಕ್ಕೆ. ಹರಿದ ಭುಜಕ್ಕೆ ಹಗುರ ವ್ಯಾಯಾಮವೇ ಸರಿ.

ಬಿದ್ದು ಪೆಟ್ಟಾಗಿ ತೋಳು ಒಮ್ಮೆಲೇ ಏಳದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನಿಧಾನವಾಗಿ ಬಂದ ನೋವಾದರೆ ಫಿಜಿಯೋಥೆರಪಿಸ್ಟ್ ಹೇಳಿದ ವ್ಯಾಯಾಮವನ್ನು ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಮಕ್ಕಳೇ, ಇದನ್ನು ಮನೆಯ ಹಿರಿಯರಿಗೆ ಓದಿ ಹೇಳಿ.